ನವನಗರದ ಬಾಡಿಗೆ ಮನೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಮದುವೆಗೆ ಮುಂಚೆ ಜೊತೆಗಿರುವ ಬಗೆಗಿನ ಈ ಜಗಳ ಹೊಸದಲ್ಲ; ಒಂದಲ್ಲ ಒಂದು ಜೋಡಿಯ ಜೊತೆ ಮತ್ತೆ ಮತ್ತೆ ಆಪ್ತಸಮಾಲೋಚಕಿಯಾದ ನನ್ನ ಮುಂದೆ ಬಂದು ಕೂರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನಿಗೆ 29 ವರ್ಷ, ಹುಬ್ಬಳ್ಳಿಯಲ್ಲಿ ನೌಕರಿ. ಅವಳಿಗೆ 27, ಧಾರವಾಡದಲ್ಲಿ ಅತಿಥಿ ಉಪನ್ಯಾಸಕಿ. ಜಾತಿ ಬೇರೆ. ಮೂರು ವರ್ಷದ ಒಡನಾಟವೆಲ್ಲ ನಡೆದದ್ದು ಈ ಎರಡು ಊರುಗಳ ನಡುವಿನ ಸುಮಾರು 20 ಕಿಲೋಮೀಟರ್‌ ದಾರಿಯ ಚಿಗರಿ ಬಸ್ಸಿನ ಓಡಾಟದಲ್ಲೇ. ಎರಡೂ ಊರಿನ ನಡುವೆ ಬೀಳುವ ನವನಗರದಲ್ಲಿ ಮನೆ ಹಿಡಿದು ಜೊತೆಗಿರೋಣ ಎಂಬುದು ಅವನ ಹಟ. ಅವಳು ಒಲ್ಲೆ ಎನ್ನುತ್ತಿದ್ದಳು. "ಅವಳಿಗೆ ಜನರ ಭಯ, ನೀವೇ ತಿಳಿಸಿ ಹೇಳಿ ಮೇಡಂ" ಎಂದ. ಎರಡು ಭೇಟಿಗಳವರೆಗೆ ನಾನೂ ಹಾಗೆಯೇ ಎಣಿಸಿದ್ದೆ, ಅದು ನನ್ನ ತಪ್ಪು.

ಮೂರನೆಯ ಸಲ ಮಾತಿನ ನಡುವೆ ಸುಮ್ಮನೆ ಕೇಳಿದೆ, "ಮನೆ ಮಾಲೀಕರಿಗೆ ಏನೆಂದು ಹೇಳುತ್ತೀರಿ?"

"ಗಂಡ ಹೆಂಡತಿ ಎಂದು ಹೇಳಿಯಾಗಿದೆ. ಇಲ್ಲದಿದ್ದರೆ ನಮ್ಮ ಕಡೆ ಯಾರು ಮನೆ ಕೊಡುತ್ತಾರೆ?"

ಅವಳು ಅವನ ಕಡೆ ನೋಡಲಿಲ್ಲ. "ಮೇಡಂ, ಗುರುತಿಲ್ಲದ ಮಾಲೀಕರಿಗೆ ನಾನು ಇವರ ಹೆಂಡತಿ. ಇವರ ಅವ್ವನಿಗೆ ನಾನೊಬ್ಬಳು ಇದ್ದೇನೆ ಎಂಬುದೇ ಗೊತ್ತಿಲ್ಲ. ಅವರು ನವಲಗುಂದದಿಂದ ಬಂದ ದಿನ ನಾನು ಚೀಲ ಹಿಡಿದು ಎಲ್ಲಿಗೆ ಹೋಗಲಿ?"

"ಒಂದೆರಡು ದಿನ ನಿನ್ನ ಗೆಳತಿಯ ಕೋಣೆಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅದನ್ನೂ ಯೋಚಿಸಿಟ್ಟಿದ್ದ ಎಂಬುದು ಮೂವರಿಗೂ ತಿಳಿಯಿತು.

ಮನೆ ಹಿಡಿಯುವ ಮೊದಲು ಅವ್ವನಿಗೆ ಹೇಳು, ಆಕೆ ಒಪ್ಪಲೇಬೇಕೆಂದಿಲ್ಲ, ಗೊತ್ತಿರಲಿ ಎಂದೆ. ಕರಾರುಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಅವಳಿಗೆ, ಅಲ್ಲಿಯವರೆಗೆ ಪಿಜಿ ಬಿಡಬೇಡ ಎಂದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧಕ್ಕೂ ಅನ್ವಯಿಸುತ್ತದೆ, ನಿಜ. ಆದರೆ ಜೊತೆಗಿದ್ದ ಮಾತ್ರಕ್ಕೆ ಅದು ಅಂಥ ಸಂಬಂಧವಾಗದು, ಸಮಾಜದೆದುರು ದಂಪತಿಗಳಂತೆ ಗಣನೀಯ ಕಾಲ ಬಾಳಿರಬೇಕು ಎಂದು ಸುಪ್ರೀಂ ಕೋರ್ಟ್‌ 2010ರಲ್ಲಿ ಹೇಳಿದೆ. ಹೆತ್ತವರು ಬಂದಾಗಲೆಲ್ಲ ಖಾಲಿಯಾಗುವ ಸಂಸಾರಕ್ಕೆ ಆ ರಕ್ಷಣೆ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ.

ಹಿರಿಯ ಸಹೋದ್ಯೋಗಿಯೊಬ್ಬರು, ಮೊದಲು ಮದುವೆಯಾಗಿ ಎನ್ನಬೇಕಿತ್ತು ಎಂದರು. ಅದು ನನ್ನ ಕೆಲಸವಲ್ಲ. ಕಿರಿಯರೊಬ್ಬರ ತಕರಾರು, ವಯಸ್ಕರಿಬ್ಬರ ನಡುವೆ ಅವ್ವನನ್ನು ಏಕೆ ತಂದಿರಿ ಎಂದು. ತಂದವಳು ನಾನೇ? ಆಕೆಗೆ ಹೆದರಿ ಗೆಳತಿಯ ಕೋಣೆಯ ಲೆಕ್ಕ ಹಾಕಿದವನು ಅವನು. ಮದುವೆಗೆ ಮುಂಚೆ ಜೊತೆಗಿರುವುದರ ಬಗ್ಗೆ ನನಗೆ ತಕರಾರಿಲ್ಲ. ಮುಚ್ಚಿಡುವ ಭಾರವೆಲ್ಲ ಒಬ್ಬಳ ಚೀಲದಲ್ಲೇ ಇರುವುದರ ಬಗ್ಗೆ ಇದೆ.

ಸೀಗಿ ಹುಣ್ಣಿಮೆಗೆ ಊರಿಗೆ ಹೋದಾಗ ಹೇಳುತ್ತೇನೆ ಎಂದಿದ್ದ. ಹುಣ್ಣಿಮೆಯ ಮರುದಿನ ಅವಳು ಫೋನ್‌ ಮಾಡಿದಳು. "ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರಂತೆ ಮೇಡಂ. ಅವ್ವ ದಣಿದಿದ್ದರು, ಮಾತು ತೆಗೆಯಲಾಗಲಿಲ್ಲವಂತೆ."

ನವನಗರದ ಆ ಮನೆ ಈಗ ಬೇರೆಯವರ ಪಾಲಾಗಿದೆ. ಅವಳು ಪಿಜಿಯ ಮುಂದಿನ ತಿಂಗಳ ಬಾಡಿಗೆ ಕಟ್ಟಿದ್ದಾಳೆ.