ಡಬಲ್ ಡಿಗ್ರಿ: ಅಡ್ವಾನ್ಸ್ ಕೊಡುವ ಮೊದಲು

ಪಿಯು ಫಲಿತಾಂಶ ಬಂದು ವಾರ ಕಳೆಯುವಷ್ಟರಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ: ಒಟ್ಟಿಗೇ ಎರಡು ಪದವಿ ಕೊಡಿಸುತ್ತೇವೆ ಎನ್ನುವವರಿಗೆ ಅಡ್ವಾನ್ಸ್ ಕೊಡಬಹುದೇ? ಊರು ಬೇರೆ, ಕನ್ಸಲ್ಟೆಂಟ್ ಬೇರೆ, ಮಾತು ಮಾತ್ರ ಒಂದೇ. ಹಿಂದೆಯೇ ಉತ್ತರಿಸಿದ್ದೇವೆ ಎಂದು ಬಿಟ್ಟುಬಿಡುವಂತಿಲ್ಲ, ಈ ವರ್ಷ ಹಣ ಕಟ್ಟಲು ಹೊರಟವರು ಹೊಸಬರು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ. ಸೆಮಿಸ್ಟರ್ ಎಂದರೇನು, ಅರ್ಜಿ ಎಲ್ಲಿ ಸಿಗುತ್ತದೆ ಎಂಬಂಥ ಪ್ರಶ್ನೆಗಳನ್ನು ಕೈಬಿಟ್ಟಿದ್ದೇವೆ. ಅವಕ್ಕೆ ಕಾಲೇಜಿನ ನೋಟಿಸ್ ಬೋರ್ಡ್ ಸಾಕು.

ಮಗಳು ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತಗೊಂಡು ಸೆಕೆಂಡ್ ಪಿಯುದಾಗ 600ಕ್ಕೆ 571 ತೆಗದಾಳ್ರಿ. ಫಾರಿನ್ ಸರ್ವಿಸ್‌ಗೆ ಹೋಗಬೇಕಂತಾಳ. ರಾಯಚೂರಿನಾಗ ಒಬ್ಬರು 'ಬಿಎ ಜೊತೆಗೆ ಇಂಟರ್‌ನ್ಯಾಷನಲ್ ಸ್ಟಡೀಸ್, ವಿದೇಶಿ ಯೂನಿವರ್ಸಿಟಿ ಡಿಗ್ರಿ, ಮೂರೇ ವರ್ಷ, ಎಲ್ಲಾ ಆನ್‌ಲೈನ್' ಅಂತ ಹೇಳಿ 40 ಸಾವಿರ ಅಡ್ವಾನ್ಸ್ ಕೇಳಾಕತ್ಯಾರ. ಕೊಡಬಹುದೇನ್ರಿ?
– ಸಿಂಧನೂರಿನ ಒಬ್ಬ ತಂದೆ

ಕೊಡಬೇಡಿ. ಅವರು ಹೇಳಿದ ಮಾತಿನಲ್ಲೇ ಅದು ಸುಳ್ಳೆಂಬುದಕ್ಕೆ ಸಾಕ್ಷಿ ಇದೆ. ಭಾರತದ ಮತ್ತು ವಿದೇಶದ ವಿಶ್ವವಿದ್ಯಾಲಯಗಳು ಕೂಡಿ ಡಿಗ್ರಿ ಕೊಡಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಮೇ ತಿಂಗಳಲ್ಲಿ ನಿಯಮ ತಂದಿತು. ಆ ನಿಯಮ ಆನ್‌ಲೈನ್ ಕೋರ್ಸಿಗೂ ದೂರಶಿಕ್ಷಣಕ್ಕೂ ಅನ್ವಯಿಸುವುದೇ ಇಲ್ಲ. ಫ್ರಾಂಚೈಸಿ ಇಟ್ಟುಕೊಂಡು ನಡೆಸುವುದಕ್ಕೂ ಅದರಲ್ಲಿ ಅವಕಾಶವಿಲ್ಲ. ಅಂದಮೇಲೆ 'ಎಲ್ಲಾ ಆನ್‌ಲೈನ್' ಎನ್ನುವ ಕನ್ಸಲ್ಟೆಂಟ್ ಮಾರುತ್ತಿರುವುದು ಆ ನಿಯಮದ ಡಿಗ್ರಿ ಆಗಿರಲು ಸಾಧ್ಯವಿಲ್ಲ.

ಇಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಮಾರಲಾಗುತ್ತಿದೆ. ಮೊದಲು ಅವನ್ನು ಬಿಡಿಸಿಕೊಳ್ಳಿ.

ಒಂದನೆಯದು, ಒಂದೇ ವಿಶ್ವವಿದ್ಯಾಲಯ ತಾನೇ ಹೆಣೆದ ಜೋಡಿ ಪದವಿ. ಆಸ್ಟ್ರೇಲಿಯಾದಲ್ಲಿ ಇದು ಮಾಮೂಲು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಒಂದು ಮಾಮೂಲಿ ಪದವಿಗೆ 144 ಯೂನಿಟ್, ಮೂರು ವರ್ಷ. ಬಿಎ ಮತ್ತು ಇಂಟರ್‌ನ್ಯಾಷನಲ್ ರಿಲೇಷನ್ಸ್ ಎರಡನ್ನೂ ಬಿಡಿಬಿಡಿಯಾಗಿ ಮಾಡಿದರೆ 288 ಆಗಬೇಕು. ಜೋಡಿಯಾಗಿ ಮಾಡಿದರೆ 192, ನಾಲ್ಕೇ ವರ್ಷ. ಉಳಿದ 96 ಎಲ್ಲಿಗೆ ಹೋಯಿತು ಎಂದರೆ, ಪ್ರತಿ ಪದವಿಯಲ್ಲೂ 48 ಯೂನಿಟ್ ಐಚ್ಛಿಕ ವಿಷಯಗಳಿಗೆ ಮೀಸಲು, ಜೋಡಿಯಲ್ಲಿ ಆ ಜಾಗವನ್ನು ಇನ್ನೊಂದು ಪದವಿಯ ವಿಷಯಗಳೇ ತುಂಬುತ್ತವೆ. ಓದು ಕಡಿತವಾಗಿಲ್ಲ, ಆಯ್ಕೆಯ ಸ್ವಾತಂತ್ರ್ಯ ಕಡಿತವಾಗಿದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅಲ್ಲಿನ ಸ್ಟೂಡೆಂಟ್ ವೀಸಾಕ್ಕೆ ಊಟ-ವಸತಿಗೆಂದೇ ವರ್ಷಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕೆಂದು 2024ರಲ್ಲಿ ನಿಗದಿ ಮಾಡಿದ್ದಾರೆ. ಫೀಸು ಸೇರಿಸಿದರೆ ನಾಲ್ಕು ವರ್ಷದ ಲೆಕ್ಕ ಕೋಟಿ ದಾಟುತ್ತದೆ. ಹೊಲ ಅಡ ಇಟ್ಟು ಮಾಡುವ ಕೋರ್ಸ್ ಇದಲ್ಲ.

ಎರಡನೆಯದು, ಎರಡು ವಿಶ್ವವಿದ್ಯಾಲಯಗಳು ಸೇರಿ ಎರಡು ಬೇರೆ ಪದವಿ ಕೊಡುವುದು. ಜಗತ್ತಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪ್ಯಾರಿಸ್‌ನ ಸಿಯಾನ್ಸ್ ಪೊ ಮತ್ತು ನ್ಯೂಯಾರ್ಕ್‌ನ ಕೊಲಂಬಿಯಾದ ಡ್ಯೂಯಲ್ ಬಿಎ. ಮೊದಲ ಎರಡು ವರ್ಷ ಫ್ರಾನ್ಸಿನ ಮಾಂತೊ, ಲ ಹಾವ್ರ್ ಅಥವಾ ರಾನ್ಸ್ ಕ್ಯಾಂಪಸ್ಸಿನಲ್ಲಿ, ಮುಂದಿನ ಎರಡು ವರ್ಷ ನ್ಯೂಯಾರ್ಕಿನಲ್ಲಿ. ಮಾಂತೊದಲ್ಲಿ ಮಧ್ಯಪ್ರಾಚ್ಯಕ್ಕೆ ಒತ್ತು, ಲ ಹಾವ್ರ್‌ನಲ್ಲಿ ಏಷ್ಯಾಕ್ಕೆ. ಯಾವುದೇ ಕ್ಯಾಂಪಸ್ ಆದರೂ ಭಾಷೆ ಕಲಿಯದೆ ಬಿಡುಗಡೆಯಿಲ್ಲ.

ನಮ್ಮ ಯುಜಿಸಿ ನಿಯಮದಲ್ಲಿ ಭಾರತದ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ಕೇಂದ್ರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ಪಟ್ಟಿಯ ಮೊದಲ 100ರಲ್ಲಿರಬೇಕು, ಇಲ್ಲವೇ ಉತ್ಕೃಷ್ಟ ಸಂಸ್ಥೆ ಎಂಬ ಮಾನ್ಯತೆ ಇರಬೇಕು. ವಿದೇಶಿ ಸಂಸ್ಥೆ ಟೈಮ್ಸ್ ಅಥವಾ ಕ್ಯೂಎಸ್ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯ ಮೊದಲ 1,000ದೊಳಗೆ ಇರಬೇಕು. ವಿದ್ಯಾರ್ಥಿ ಕನಿಷ್ಠ ಶೇ 30ರಷ್ಟು ಕ್ರೆಡಿಟ್ (ಓದನ್ನು ಅಳೆಯುವ ಘಟಕ) ಭಾರತದ ಸಂಸ್ಥೆಯಲ್ಲೇ ಗಳಿಸಬೇಕು. ಯಾರಾದರೂ ಇಂಥ ಸೀಟು ಇದೆ ಎಂದರೆ ಎರಡು ಕಾಗದ ಕೇಳಿ: ಎರಡೂ ವಿಶ್ವವಿದ್ಯಾಲಯಗಳ ಒಪ್ಪಂದದ ಪ್ರತಿ, ಮತ್ತು ಕೊನೆಗೆ ಕೈಗೆ ಬರುವುದು ಎರಡು ಡಿಗ್ರಿ ಸರ್ಟಿಫಿಕೇಟೋ ಅಥವಾ ಒಂದು ಡಿಗ್ರಿಯ ಜೊತೆ 'ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿದ್ದಾರೆ' ಎಂಬ ಪತ್ರವೋ ಎಂದು ವಿಶ್ವವಿದ್ಯಾಲಯವೇ ಬರೆದುಕೊಟ್ಟ ಉತ್ತರ. ಕನ್ಸಲ್ಟೆಂಟ್ ಲೆಟರ್‌ಹೆಡ್‌ನಲ್ಲಿ ಬರೆದದ್ದಕ್ಕೆ ಬೆಲೆಯಿಲ್ಲ.

ಮೂರನೆಯದು, ನಿಮ್ಮ ಮಗಳ ಕೈಗೆ ನಿಜವಾಗಿ ಎಟಕುವಂಥದ್ದು. 2022ರ ಏಪ್ರಿಲ್ 13ರಿಂದ ಯುಜಿಸಿ ಒಂದೇ ವೇಳೆಗೆ ಎರಡು ಕೋರ್ಸ್ ಓದಲು ಬಿಟ್ಟಿದೆ. ಎರಡೂ ರೆಗ್ಯುಲರ್ ಆದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆಗಬಹುದು. ಎರಡೂ ದೂರಶಿಕ್ಷಣವೂ ಆಗಬಹುದು. ಸಿಂಧನೂರಿನಿಂದ ಓದುವವರಿಗೆ ಒಗ್ಗುವುದು ನಡುವಿನದು: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರೆಗ್ಯುಲರ್ ಬಿಎ, ಜೊತೆಗೆ ದೂರಶಿಕ್ಷಣಕ್ಕೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಅಥವಾ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (ಕೆಎಸ್‌ಒಯು). ಇದಕ್ಕೆ ಕನ್ಸಲ್ಟೆಂಟ್ ಬೇಡ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು.

ಕೆಲಸ ಈ ಕ್ರಮದಲ್ಲಿ ಆಗಲಿ. ಎಲ್ಲಕ್ಕಿಂತ ಮೊದಲು ಹೆಸರು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿರುವುದು ಸಾಮಾನ್ಯ. ಹೀಗಿದ್ದರೆ ಗಳಿಸಿದ ಕ್ರೆಡಿಟ್ ಜಮಾ ಆಗುವ ಕ್ರೆಡಿಟ್ ಬ್ಯಾಂಕಿನ ಎಬಿಸಿ ಐಡಿಯಲ್ಲಿ ಒಂದು ಹೆಸರು, ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇನ್ನೊಂದು ಹೆಸರಾಗಿ ಕ್ರೆಡಿಟ್‌ಗಳು ಖಾತೆಗೆ ಜಮಾ ಆಗುವುದಿಲ್ಲ. ಅಂಕಪಟ್ಟಿಯಲ್ಲಿ ಇರುವಂತೆ ಆಧಾರ್ ತಿದ್ದಿಸಿ. ಆಧಾರ್‌ಗೆ ತಕ್ಕಂತೆ ಅಂಕಪಟ್ಟಿ ತಿದ್ದಿಸಲು ಹೊರಟರೆ ಪ್ರವೇಶದ ಕಾಲವೇ ಮುಗಿದಿರುತ್ತದೆ. ಆಮೇಲೆ ಡಿಜಿಲಾಕರ್ ಮೂಲಕ ಎಬಿಸಿ ಐಡಿ, ಅದರಿಂದ ಯುಜಿಸಿಯ ದೂರಶಿಕ್ಷಣ ಬ್ಯೂರೋ ಕೊಡುವ ಡೆಬ್ ಐಡಿ. ದೂರಶಿಕ್ಷಣಕ್ಕೆ ಈಗ ಡೆಬ್ ಐಡಿ ಕಡ್ಡಾಯ.

ಮುಂದೆ, ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಸಂಸ್ಥೆಯ ಹೆಸರಷ್ಟೇ ನೋಡಿ ನಿಲ್ಲಬೇಡಿ. ಆ ಕೋರ್ಸ್, ಆ ಶೈಕ್ಷಣಿಕ ವರ್ಷಕ್ಕೆ ಪಟ್ಟಿಯಲ್ಲಿದೆಯೇ ನೋಡಿ. 2012-13ರ ನಂತರ ಕೆಎಸ್‌ಒಯುಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿದ್ದು 2015ರಲ್ಲಿ. ಅಷ್ಟರೊಳಗೆ ಎಷ್ಟೋ ಮಕ್ಕಳು ಸೇರಿ ಓದಿಬಿಟ್ಟಿದ್ದರು. 2018-19ರಲ್ಲಿ ಮಾನ್ಯತೆ ಮರಳಿತು, ಈಗ ಧೈರ್ಯವಾಗಿ ಸೇರಬಹುದು. ಆದರೆ ವರ್ಷ ನೋಡುವ ಅಭ್ಯಾಸ ಬಿಡಬೇಡಿ. ನೋಡಿದ ಪುಟವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿಡಿ.

ಟಿಸಿಯ ಮೂಲ ಪ್ರತಿ ಒಂದೇ ಇರುತ್ತದೆ, ಅದು ರೆಗ್ಯುಲರ್ ಕಾಲೇಜಿಗೆ ಹೋಗಲಿ. ಇಗ್ನೋ ಟಿಸಿ ಕೇಳುವುದಿಲ್ಲ.

ಈಗ ಗಂಟೆಯ ಲೆಕ್ಕ. ಇದನ್ನು ಯಾರೂ ಹೇಳುವುದಿಲ್ಲ, ಮಕ್ಕಳು ಸೋಲುವುದು ಇಲ್ಲೇ. ಪೂರ್ಣಾವಧಿ ಪದವಿಯ ಒಂದು ವರ್ಷವೆಂದರೆ 40 ಕ್ರೆಡಿಟ್, 1,200 ಗಂಟೆ ಓದು. ಎರಡು ಪದವಿಗೆ 2,400. ರಜೆ, ಹಬ್ಬ, ಜಾತ್ರೆ ಒಂದನ್ನೂ ಬಿಡದೆ 52 ವಾರಕ್ಕೆ ಹಂಚಿದರೂ ವಾರಕ್ಕೆ 46 ಗಂಟೆ. ಹಳ್ಳಿಯಿಂದ ಬಸ್ಸಿನಲ್ಲಿ ದಿನಕ್ಕೆ ಎರಡು ತಾಸು ಓಡಾಡುವ, ಬಂದಮೇಲೆ ಮನೆಗೆಲಸವೂ ಇರುವ ಹುಡುಗಿಗೆ ಇದು ಎಷ್ಟು ಭಾರ ಎಂದು ಮನೆಯವರು ಮೊದಲು ಕೂತು ಮಾತಾಡಬೇಕು. ಎರಡು ಡಿಗ್ರಿ ಓದಿಸುತ್ತೇವೆ ಎನ್ನುವವರು ಮನೆಗೆಲಸದಿಂದ ಅವಳನ್ನು ಬಿಡಿಸಲೂ ಸಿದ್ಧರಿರಬೇಕು.

ಪರೀಕ್ಷೆಯ ಡಿಕ್ಕಿ ಇನ್ನೊಂದು. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಯೂ ಜಾರಿ ಜಾರಿ ಅಲ್ಲೇ ಬಂದು ನಿಲ್ಲುತ್ತದೆ. ಒಂದೇ ದಿನ ಎರಡು ಪೇಪರ್ ಬಿದ್ದರೆ ರೆಗ್ಯುಲರ್ ಪೇಪರ್ ಬರೆಯಿರಿ. ಇಗ್ನೋದಲ್ಲಿ ಮೂರು ವರ್ಷದ ಪದವಿ ಮುಗಿಸಲು ಆರು ವರ್ಷದವರೆಗೆ ಅವಕಾಶವಿರುತ್ತದೆ, ಬಿಟ್ಟ ಪೇಪರನ್ನು ಮುಂದಿನ ಸರದಿಗೆ ಬರೆಯಬಹುದು. ಅಸೈನ್‌ಮೆಂಟ್ ಮಾತ್ರ ಬಿಡಬೇಡಿ. ಅಂಕದಲ್ಲಿ ಶೇ 30 ಅದರದ್ದು, ಕೈಬರಹದಲ್ಲೇ ಇರಬೇಕು. ಪರೀಕ್ಷೆ ಪಾಸಾಗಿಯೂ ಅಸೈನ್‌ಮೆಂಟ್ ಕೊಡದೆ ಗ್ರೇಡ್ ಕಾರ್ಡಿನಲ್ಲಿ ಅಪೂರ್ಣ ಎಂದು ಉಳಿದವರು ಬಹಳ. ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರ ನಕಲು ಮಾಡಿ ಕೊಟ್ಟರೆ ತಿರಸ್ಕಾರವಾಗುತ್ತದೆ, ಆಗಬೇಕಾದದ್ದೇ. ನಮ್ಮ ಸಲಹೆ: ಮೊದಲ ಸೆಮಿಸ್ಟರ್ ಬರೀ ರೆಗ್ಯುಲರ್ ಬಿಎ ಓದಲಿ. ಕಾಲೇಜಿನ ಹೊರೆ ಎಷ್ಟು ಎಂದು ತಿಳಿದ ಮೇಲೆ ಜನವರಿ ಸೆಷನ್‌ಗೆ ದೂರಶಿಕ್ಷಣ ಸೇರಲಿ.

ಎರಡನೆಯ ಪದವಿ ಯಾವುದು? ಕಾಲೇಜಿನಲ್ಲಿ ಇತಿಹಾಸ-ರಾಜ್ಯಶಾಸ್ತ್ರ ಇದ್ದರೆ ಇಲ್ಲಿಯೂ ರಾಜ್ಯಶಾಸ್ತ್ರ ತೆಗೆದುಕೊಳ್ಳುವುದು ಶುದ್ಧ ನಷ್ಟ. ಒಂದು ಪದವಿಗೆ ಬಳಸಿದ ಕ್ರೆಡಿಟ್ ಖಾತೆಯಿಂದ ಕಳೆದುಹೋಗುತ್ತದೆ, ಅದನ್ನೇ ಎರಡನೆಯದಕ್ಕೆ ತೋರಿಸಲು ಬರುವುದಿಲ್ಲ. ಅರ್ಥಶಾಸ್ತ್ರ ತೆಗೆದುಕೊಳ್ಳಲಿ. ಅಂತರರಾಷ್ಟ್ರೀಯ ಸಂಬಂಧ ಓದುವವರಿಗೆ ವ್ಯಾಪಾರ, ಸಾಲ, ವಿನಿಮಯ ದರ ತಿಳಿಯದೆ ಮುಂದೆ ದಾರಿಯಿಲ್ಲ. ಅದಕ್ಕಿಂತ ಮೇಲೆಂದರೆ ಭಾಷೆ. ಎರಡನೆಯ ಡಿಗ್ರಿಯ ಆ 1,200 ಗಂಟೆಯಲ್ಲಿ ಅರ್ಧವನ್ನು ಫ್ರೆಂಚಿಗೆ ಕೊಟ್ಟರೆ ಬಿ2 ಮಟ್ಟ, ಅಂದರೆ ತಡವರಿಸದೆ ಮಾತಾಡುವ ಮಟ್ಟ, ತಲುಪಬಹುದು, ಅದಕ್ಕೆ ಸುಮಾರು 500ರಿಂದ 600 ಗಂಟೆ ಬೇಕು. ಇಗ್ನೋದ ಫ್ರೆಂಚ್, ಸ್ಪ್ಯಾನಿಷ್, ಅರೇಬಿಕ್ ಸರ್ಟಿಫಿಕೇಟ್ ಕೋರ್ಸುಗಳು ಆರಂಭಕ್ಕೆ ಸಾಕು. 571 ತೆಗೆದ ಹುಡುಗಿ ಊರು ಬಿಡಲು ಒಪ್ಪಿದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ರಾಯಚೂರಿನಿಂದ ಬೆಂಗಳೂರಿಗಿಂತ ಹತ್ತಿರ. ಒಂದು ಗಟ್ಟಿ ಭಾಷಾ ಪದವಿ, ಮೇಲೆ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಎಂಎ. ಎರಡು ಸಡಿಲ ಬಿಎಗಳಿಗಿಂತ ಈ ದಾರಿಯೇ ಮೇಲು ಎಂದು ನಾವು ಖಡಾಖಂಡಿತವಾಗಿ ಹೇಳುತ್ತೇವೆ.

ಮೂರು ವರ್ಷದ ಎರಡು ಡಿಗ್ರಿ ಸೇರಿದರೆ ಆರು ವರ್ಷದ ಓದು ಆಯಿತಲ್ಲ? ಅಮೆರಿಕದಲ್ಲಿ ಎಂಎಗೆ 16 ವರ್ಷ ಕೇಳುತ್ತಾರೆ. – ಸಂಡೂರು

ಇಲ್ಲ. ಅವರು ಎಣಿಸುವುದು ಕ್ಯಾಲೆಂಡರ್ ವರ್ಷ. ಒಟ್ಟಿಗೆ ಓದಿದ್ದು 12 ಮತ್ತು 3 ಸೇರಿ 15 ಅಷ್ಟೇ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಅಮೆರಿಕದ ಆಸೆ ಇರುವವರು ಎರಡನೆಯದನ್ನು ನಾಲ್ಕು ವರ್ಷದ, 160 ಕ್ರೆಡಿಟ್‌ನ ಆನರ್ಸ್ ಆಗಿ ಆರಿಸಿಕೊಳ್ಳಿ. ಆಸ್ಟ್ರೇಲಿಯಾಕ್ಕೆ ಈ ತಲೆನೋವು ಕಡಿಮೆ.

ಐಎಫ್‌ಎಸ್‌ಗೆ (ವಿದೇಶಾಂಗ ಸೇವೆಗೆ) ಡಬಲ್ ಡಿಗ್ರಿ ಇದ್ದರೆ ಪ್ಲಸ್ ಪಾಯಿಂಟಾ? – ಕುಷ್ಟಗಿ

ಅಲ್ಲ. ಯುಪಿಎಸ್‌ಸಿಗೆ ಮಾನ್ಯತೆ ಇರುವ ಒಂದು ಪದವಿ ಸಾಕು.

ಪಿಎಚ್‌ಡಿ ಜೊತೆ ಇನ್ನೊಂದು ಎಂಎ? – ಬಳ್ಳಾರಿ

ಒಂದೇ ವೇಳೆಗೆ ಎರಡು ಕೋರ್ಸ್ ಓದಲು ಬಿಟ್ಟ 2022ರ ಯುಜಿಸಿ ಮಾರ್ಗಸೂಚಿ ಪಿಎಚ್‌ಡಿಗೆ ಅನ್ವಯಿಸುವುದಿಲ್ಲ.

ಒಂದೇ ವರ್ಷದಲ್ಲಿ ಹಳೇ ತಾರೀಖು ಹಾಕಿ ಡಿಗ್ರಿ ಕೊಡಿಸುತ್ತಾರಂತೆ, ನಿಜವೇ? – ಮಾನ್ವಿ

ಅದು ಖೋಟಾ ದಾಖಲೆ. ಕೊಡುವವರ ಜೊತೆ ಕೊಂಡವರ ಮೇಲೂ ಕೇಸಾಗುತ್ತದೆ. ಇಂಥ ಪ್ರಶ್ನೆಯನ್ನು ದಯವಿಟ್ಟು ಮತ್ತೆ ಕಳಿಸಬೇಡಿ, ಪೊಲೀಸ್ ಠಾಣೆಗೆ ಹೋಗಿ.

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ವಿದೇಶದಲ್ಲಿ ಬಿಎ ಮಾಡಬಹುದೇ? – ಯಲಬುರ್ಗಾ

ಸಾಧ್ಯವಿಲ್ಲ, ಅದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. ಇನ್ನೊಂದು ಮಾತು ಆರ್ಟ್ಸ್ ಮಕ್ಕಳಿಗೆ ಮುಖ್ಯ: ಆ ಸ್ಕಾಲರ್‌ಶಿಪ್‌ನ 2022ರ ಮಾರ್ಗಸೂಚಿಯಲ್ಲಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟರು. ಆ ನಿರ್ಧಾರ ನಮಗೆ ಸರಿಯೆನಿಸಿಲ್ಲ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿ ಓದಿ ವಿಷಯ ಆರಿಸಿ.

ಹೈದರಾಬಾದಿನಲ್ಲೋ ಹೊರದೇಶದಲ್ಲೋ ಓದಿದರೆ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಹೋಗುತ್ತದೆಯೇ? – ಗಂಗಾವತಿ

ಹೋಗುವುದಿಲ್ಲ. ಅದರ ಪ್ರಮಾಣಪತ್ರ ಹುಟ್ಟು ಅಥವಾ ವಾಸದ ಆಧಾರದ ಮೇಲೆ ಕೊಡುವಂಥದ್ದು, ಡಿಗ್ರಿ ಎಲ್ಲಿಯದು ಎಂಬುದರ ಮೇಲಲ್ಲ. ಊರು ಬಿಡುವ ಮೊದಲೇ ಸಹಾಯಕ ಆಯುಕ್ತರ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಜನನ ದಾಖಲೆಗಳನ್ನು ದೂರದಲ್ಲಿ ಕೂತು ತರಿಸುವುದು ಕಷ್ಟ.