ಓದುಗರ ಪ್ರಶ್ನೆ: ಪಾಳಿಯ ಪಟ್ಟಿ, ಪವಿತ್ರ ವಾರ ಮತ್ತು ಮತದಾನ

ಪ್ರಶ್ನೆ: ನಮ್ಮ ತಂಡದಲ್ಲಿ ಆರು ಜನ, ವಾರಕ್ಕೊಬ್ಬರಂತೆ ಆನ್-ಕಾಲ್ (ಅಲರ್ಟ್ ಬಂದರೆ ತಕ್ಷಣ ನೋಡಿಕೊಳ್ಳುವ ಪಾಳಿ). ಈ ಸಲವೂ ಪವಿತ್ರ ವಾರ, ಅಂದರೆ ಈಸ್ಟರ್‌ಗೆ ಮುಂಚಿನ ವಾರ, ನನ್ನ ಪಾಲಿಗೇ ಬಂತು. ಪ್ರತಿವರ್ಷ ಕೊನೇ ಗಳಿಗೆಯಲ್ಲಿ ಅಂಗಲಾಚುವುದು ಮುಜುಗರ. ಏನು ಮಾಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಕೇಳುವುದು ತಪ್ಪಲ್ಲ, ಮಾರ್ಚ್‌ನಲ್ಲಿ ಕೇಳುವುದು ತಪ್ಪು. ಪಾಳಿಯ ಪಟ್ಟಿ ತಯಾರಾಗುವುದು ಜನವರಿಯಲ್ಲಿ. ನಿಮ್ಮ ದಿನಗಳು ಅಷ್ಟರೊಳಗೆ ತಂಡದ ಕ್ಯಾಲೆಂಡರಿನಲ್ಲಿರಲಿ. 2027ರ ಈಸ್ಟರ್ ಮಾರ್ಚ್ 28. ಅದಕ್ಕೆ 46 ದಿನ ಹಿಂದೆ, ಫೆಬ್ರವರಿ 10ಕ್ಕೆ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ. ಶುಭ ಶುಕ್ರವಾರ ಮಾರ್ಚ್ 26.

ಈ ಲೆಕ್ಕವನ್ನು ಸ್ಕ್ರಿಪ್ಟಿಗೆ ಒಪ್ಪಿಸುವವರು ಎಡವುವ ಜಾಗ ಎರಡು. ಮೊದಲನೆಯದು ಹುಣ್ಣಿಮೆ. 'ಮಾರ್ಚ್ 21ರ ನಂತರದ ಹುಣ್ಣಿಮೆ ಕಳೆದ ಭಾನುವಾರ' ಎಂದು ಓದಿ, ಪಂಚಾಂಗದ ಹುಣ್ಣಿಮೆಯನ್ನೇ ಹಿಡಿದು ಕೋಡ್ ಬರೆದುಬಿಡುತ್ತಾರೆ. ಚರ್ಚಿನ ಹುಣ್ಣಿಮೆ ಆಕಾಶದ್ದಲ್ಲ, ಕೋಷ್ಟಕದ್ದು. 2019ರಲ್ಲಿ ವಿಷುವತ್ತು (ಹಗಲಿರುಳು ಸಮವಾಗುವ ದಿನ) ಮಾರ್ಚ್ 20ಕ್ಕೆ, ಹುಣ್ಣಿಮೆ ಅದರ ಬೆನ್ನಿಗೇ 21ಕ್ಕೆ ಆಯಿತು. ಆಕಾಶ ನೋಡಿ ಲೆಕ್ಕ ಹಾಕಿದ್ದರೆ ಮಾರ್ಚ್ 24ಕ್ಕೇ ಈಸ್ಟರ್ ಬರಬೇಕಿತ್ತು. ನಾವು, ಪಶ್ಚಿಮದ ಚರ್ಚುಗಳವರು, ಆಚರಿಸಿದ್ದು ಏಪ್ರಿಲ್ 21ಕ್ಕೆ. ಸ್ವಂತ ಸಾಹಸ ಬೇಡ. ಪೈಥಾನ್‌ನ ಡೇಟ್‌ಯುಟಿಲ್ ಲೈಬ್ರರಿಯಲ್ಲಿ ಈಸ್ಟರ್ ಫಂಕ್ಷನ್ ಇದೆ, ಇಸವಿ ಕೊಟ್ಟರೆ ನಮ್ಮ ತಾರೀಖು ಬರುತ್ತದೆ. ಎರಡನೇ ಆರ್ಗ್ಯುಮೆಂಟಾಗಿ 2 ಕೊಟ್ಟರೆ ಪೂರ್ವದ ಆರ್ಥೊಡಾಕ್ಸ್ ತಾರೀಖು.

ಎರಡನೆಯದು ಟೈಮ್‌ಝೋನ್. ಹಬ್ಬವನ್ನು ಬರೀ ತಾರೀಖಾಗಿ ಉಳಿಸಿ, ಗಂಟೆ-ನಿಮಿಷ ಅಂಟಿಸಬೇಡಿ. ನಮ್ಮ ಮಧ್ಯರಾತ್ರಿ 12 ಎಂದರೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಹಿಂದಿನ ದಿನದ 18:30. ಡೇಟಾಬೇಸ್ ಅದರಿಂದ ತಾರೀಖಷ್ಟೇ ಕತ್ತರಿಸಿಕೊಂಡರೆ ಶುಭ ಶುಕ್ರವಾರ ಗುರುವಾರಕ್ಕೆ ಬಂದು ಕೂರುತ್ತದೆ.

ಇನ್ನು ಅದಲು-ಬದಲು. 'ಈಸ್ಟರ್ ಭಾನುವಾರ ಬಿಡಿಸಿಕೊಡಿ' ಎಂದರೆ ಸಾಲದು, ಈಸ್ಟರಿನ ಮುನ್ನಾರಾತ್ರಿಯ ಪೂಜೆಯಾದ ಪಾಸ್ಖ ಜಾಗರಣೆ ಇರುವುದು ಶನಿವಾರ ರಾತ್ರಿ. ಶುಕ್ರವಾರ ಮಧ್ಯಾಹ್ನ 2ರಿಂದ 6, ಶನಿವಾರ ಸಂಜೆ 6ರಿಂದ ಭಾನುವಾರ ಮಧ್ಯಾಹ್ನದವರೆಗೆ ಎಂದು ಗಂಟೆ ಹಾಕಿ ಕೇಳಿ. ಇಡೀ ವಾರಕ್ಕಿಂತ ಎರಡು ತುಂಡನ್ನು ಬಿಡಿಸಿಕೊಡಲು ಜನ ಬೇಗ ಒಪ್ಪುತ್ತಾರೆ. ಬದಲಿಗೆ ಯುಗಾದಿ, ದೀಪಾವಳಿಯ ಪಾಳಿಯನ್ನು ನೀವೇ ಮುಂದಾಗಿ ಹೊತ್ತುಕೊಳ್ಳಿ. ಒಪ್ಪಿಗೆ ಬಾಯಿಮಾತಲ್ಲಿ ಉಳಿಯದೆ ಪಾಳಿಯ ಟೂಲ್‌ನಲ್ಲೇ ಓವರ್‌ರೈಡ್ (ಆ ಗಂಟೆಗಳಿಗೆ ಬೇರೆಯವರ ಹೆಸರು) ಆಗಿರಬೇಕು. ಇಲ್ಲದಿದ್ದರೆ ಅಲರ್ಟ್ ನಿಮ್ಮ ಫೋನಿಗೇ ಬರುತ್ತದೆ, ಶಿಲುಬೆಯ ಮುಂದೆ ಮೊಣಕಾಲೂರಿದಾಗ ಜೇಬು ನಡುಗುತ್ತದೆ.

ಸಾಧಾರಣ ಭಾನುವಾರಗಳಿಗೆ ಇಷ್ಟೆಲ್ಲ ಬೇಕಿಲ್ಲ. ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ ಎಂದು ಧರ್ಮಸಭೆಯ ಕಾನೂನಿನ 1248ನೇ ವಿಧಿಯೇ ಹೇಳುತ್ತದೆ.

ರಜೆಯ ಹಕ್ಕಿನ ವಿಚಾರ: ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಉಳಿದ ಹಬ್ಬದ ರಜೆಗಳು ಯಾವುವೆಂದು ಸಂಸ್ಥೆಯ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ಶುಭ ಶುಕ್ರವಾರ ಪಟ್ಟಿಯಲ್ಲಿಲ್ಲದಿದ್ದರೆ ಐಚ್ಛಿಕ ರಜೆಯಲ್ಲಿ ಸೇರಿಸಿ ಎಂದು ವರ್ಷದ ಪಟ್ಟಿ ಅಂಟಿಸುವ ಮೊದಲೇ ಎಚ್.ಆರ್.ಗೆ ಬರೆಯಿರಿ. ಅಮೆರಿಕದ ಫೆಡರಲ್ ರಜೆಗಳಲ್ಲೂ ಅದಿಲ್ಲ, ಆದರೆ ನ್ಯೂಯಾರ್ಕ್ ಷೇರುಪೇಟೆ ಅಂದು ಮುಚ್ಚಿರುತ್ತದೆ. ಕ್ಲೈಂಟ್ ಷೇರು ವಹಿವಾಟಿನವರಾದರೆ ನಿಮ್ಮ ಕೆಲಸ ಸಲೀಸು.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ವಿಭೂತಿ ಬುಧವಾರದ ಉಪವಾಸ ಹೇಗೆ?
— ಮಂಗಳೂರು

ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ. ಒಂದು ಪೂರ್ತಿ ಊಟ, ಎರಡು ಹೊತ್ತು ಅಲ್ಪಾಹಾರ, ಮಾಂಸ ಬೇಡ. ಪೂರ್ತಿ ಊಟವನ್ನು ಪಾಳಿಗೆ ಹೊರಡುವ ಮುಂಚೆ ಇಟ್ಟುಕೊಳ್ಳಿ. ಈ ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಹಟ ಹಿಡಿಯಬಾರದು.

ಪ್ರಶ್ನೆ: ನಾನು ಕಥೋಲಿಕ, ಸಹೋದ್ಯೋಗಿ ಹುಡುಗಿ ಹಿಂದೂ. ಅವಳು ಮತ ಬದಲಿಸುವುದು ಬೇಡ. ಅಮ್ಮನಿಗೆ ಚರ್ಚಿನಲ್ಲೇ ಮದುವೆಯಾಗಬೇಕು. ದಾರಿ ಇದೆಯೇ?
— ಮೈಸೂರು

ಇದೆ. ಜ್ಞಾನಸ್ನಾನವಾಗದವರ ಜೊತೆ ಚರ್ಚಿನಲ್ಲಿ ಮದುವೆಗೆ ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಬೇಕು. ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದಷ್ಟು ಯತ್ನಿಸುತ್ತೇನೆಂದು ನೀವು ಮಾತು ಕೊಡಬೇಕಾಗುತ್ತದೆ. ಆ ಮಾತಿನ ವಿಷಯ ಅವಳಿಗೆ ತಿಳಿದಿರಬೇಕು, ಅಷ್ಟೆ, ಅವಳು ಮತಾಂತರವಾಗಬೇಕಿಲ್ಲ. ಹಾಲ್ ಬುಕ್ ಮಾಡಿದ ಮೇಲೆ ಇದನ್ನು ಅವಳ ಮನೆಯಲ್ಲಿ ಬಾಯಿಬಿಡುವುದು ಒಳ್ಳೆಯದಲ್ಲ. ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರ, ವಿವಾಹ ಪೂರ್ವ ತರಬೇತಿಯ ಪ್ರಮಾಣಪತ್ರ ಹಿಡಿದು ಮೂರ್ನಾಲ್ಕು ತಿಂಗಳು ಮೊದಲೇ ಧರ್ಮಕೇಂದ್ರದ ಗುರುಗಳನ್ನು ಕಾಣಿ.

ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲೊಬ್ಬರು ಅದಕ್ಕೆ ಮುಂಚಿನ 30 ದಿನ ವಾಸವಿದ್ದಿರಬೇಕು. ನೋಟಿಸ್ ಅಂಟಿಸಿದ ಮೇಲೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು, ಮೂವರು ಸಾಕ್ಷಿಗಳು ಬೇಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ವಿಳಾಸದಲ್ಲಿ: ಕೆಲಸ ಒಂದೂರಲ್ಲಿ, ಆಧಾರ್ ಇನ್ನೊಂದೂರಿನದು, ಪಿ.ಜಿ.ಯಲ್ಲಿ ಕರಾರುಪತ್ರವೇ ಇರುವುದಿಲ್ಲ. ಅದನ್ನು ಮೊದಲು ಸರಿಮಾಡಿಕೊಳ್ಳಿ.

ಮದುವೆಗೆ ಮುಂಚೆ ಉಯಿಲು ಬರೆದಿದ್ದರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯ 69ನೇ ಕಲಮಿನಂತೆ ಅದು ಮದುವೆಯೊಂದಿಗೆ ರದ್ದು. ಹೊಸದು ಬರೆಯಿರಿ. ಉಯಿಲಿಲ್ಲದೆ, ಮಕ್ಕಳೂ ಇಲ್ಲದೆ ತೀರಿಕೊಂಡರೆ ಅರ್ಧ ಹೆಂಡತಿಗೆ, ಉಳಿದರ್ಧ ತಂದೆಗೆ. ತಂದೆ ಬದುಕಿರುವಾಗ ಅಮ್ಮನಿಗೆ ಬಿಡಿಗಾಸೂ ಇಲ್ಲ. ಪಿ.ಎಫ್. ನಾಮಿನಿಯನ್ನೂ ಹೊಸದಾಗಿ ತುಂಬಿ.

ಪ್ರಶ್ನೆ: ಚರ್ಚಿನ ಕುಟುಂಬಗಳ ಪಟ್ಟಿಯ ಆ್ಯಪ್ ನಾನೇ ಮಾಡಿದ್ದು. ಚುನಾವಣೆಗೆ ಮೊಬೈಲ್ ನಂಬರುಗಳನ್ನು ಕೊಡು ಎಂದು ಅಭ್ಯರ್ಥಿಯ ಕಡೆಯವರು ಕೇಳುತ್ತಿದ್ದಾರೆ. ಅವರು ನಮ್ಮವರೇ.
— ಉಡುಪಿ

ನಮ್ಮವರಾದರೂ ಕೊಡಬೇಡಿ. ಜನ ನಂಬರ್ ಕೊಟ್ಟದ್ದು ಚರ್ಚಿನ ಕೆಲಸಕ್ಕೆ. ಅದಲ್ಲದೆ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯಂತೆ ಚರ್ಚಿನ ಆವರಣದಲ್ಲಿ ರಾಜಕೀಯ ಪ್ರಚಾರ ಶಿಕ್ಷಾರ್ಹ. ಗುಡಿ, ಮಸೀದಿಗೂ ಅದೇ ಕಾಯ್ದೆ. ಆ್ಯಪ್‌ನಲ್ಲಿ 'ಎಕ್ಸ್‌ಪೋರ್ಟ್' ಗುಂಡಿಯಿದ್ದರೆ ಇಂದೇ ತೆಗೆಯಿರಿ. ಇಲ್ಲವೇ ಇಬ್ಬರ ಒಪ್ಪಿಗೆಯಿಲ್ಲದೆ ತೆರೆಯದಂತೆ ಮಾಡಿ, ಯಾರು ಯಾವಾಗ ತೆಗೆದರೆಂಬ ದಾಖಲೆ ಉಳಿಯಲಿ. ಒತ್ತಾಯ ಹೆಚ್ಚಾದರೆ ನಿಮ್ಮ ಹೆಗಲ ಮೇಲೆ ಹೊರಬೇಡಿ, ಚರ್ಚಿನ ಪಾಲನಾ ಪರಿಷತ್ತಿನ ಸಭೆಯಲ್ಲಿಟ್ಟು ಲಿಖಿತ ಉತ್ತರ ಕೊಡಿಸಿ.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಶಿಬಿರ ಮಾತ್ರ ಧಾರಾಳವಾಗಿ ಮಾಡಬಹುದು. ಹೊಸಬರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬುವವರೆಲ್ಲ ಅರ್ಹರು. ದುಬೈಯಲ್ಲಿರುವ ಮಗ ಭಾರತದ ಪೌರನಾಗಿಯೇ ಉಳಿದಿದ್ದರೆ ನಮೂನೆ 6ಎ. ಆದರೆ ಅವನು ಖುದ್ದು ಊರಿಗೆ ಬಂದು, ಅಸಲಿ ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕು.