ಗೋಳಾಕಾರದ ನಕ್ಷತ್ರಗುಚ್ಛಗಳಿಗೆ 1ರಿಂದ 12ರ ತನಕ ಕ್ಲಾಸ್ ಕೊಡೋದು ಹೆಂಗೆ? ಶಿರಸಿಯಿಂದ ಯಾವ್ದಾದ್ರೂ ಕಾಣ್ತದಾ?

ಗಾತ್ರ ಅಲ್ಲ, ನಡುವೆ ಎಷ್ಟು ದಟ್ಟ ಅನ್ನೋದೇ ಲೆಕ್ಕ. 1920ರ ದಶಕದ ಕೊನೆಗೆ ಹಾರ್ಲೋ ಶಾಪ್ಲಿ, ಹೆಲೆನ್ ಸಾಯರ್ ಅನ್ನೋ ಖಗೋಳವಿಜ್ಞಾನಿಗಳು ಸೇರಿ ಮಾಡಿದ್ದು ಇದು, ನಕ್ಷತ್ರಗಳು ನಡುವಲ್ಲೇ ಒತ್ತೊತ್ತಾಗಿ ತುಂಬಿಕೊಂಡಿದ್ರೆ 1, ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಥರ ಚದುರಿದ್ರೆ 12, ಉದಾಹರಣೆಗೆ ಮೆಸ್ಸಿಯೇ ಪಟ್ಟಿಯ (ಎಂ ಅಂದ್ರೆ ಅದೇ) ಗುಚ್ಛಗಳಲ್ಲಿ ಎಂ75 ಕ್ಲಾಸ್ 1, ಎಂ13 ಕ್ಲಾಸ್ 5, ಎಂ55 ಕ್ಲಾಸ್ 11. ಈಗಿನ ವಿಜ್ಞಾನಿಗಳು ನಕ್ಷತ್ರಗಳಲ್ಲಿ ಕಬ್ಬಿಣದಂಥ ಲೋಹದ ಅಂಶ ಎಷ್ಟಿದೆ ಅಂತ್ಲೂ ವಿಂಗಡಿಸ್ತಾರೆ, ಲೋಹ ಕಮ್ಮಿ ಇರೋವು ಸಾಮಾನ್ಯವಾಗಿ ಬಹಳ ಹಳೇವು. ಆದ್ರೆ ಟೆಲಿಸ್ಕೋಪಲ್ಲಿ ನೋಡೋರಿಗೆ ನನ್ ಪ್ರಕಾರ ಹಳೇ ಕ್ಲಾಸೇ ಉಪಯೋಗ.

ಶಿರಸಿಯಿಂದ ಖಂಡಿತ ಕಾಣ್ತದೆ! ಮೇ ತಿಂಗಳ ನಡುವೆ, ಮಳೆ ಹಿಡಿಯೋದ್ರೊಳಗೆ, ರಾತ್ರಿ ಹತ್ತೂವರೆ ಸುಮಾರಿಗೆ ಪೇಟೆ ಲೈಟ್ ಇಲ್ದಿರೋ ಬಯಲಲ್ಲಿ ನೇರ ದಕ್ಷಿಣಕ್ಕೆ 28 ಡಿಗ್ರಿ ಎತ್ತರದಲ್ಲಿ ಹುಡುಕಿ, ಒಮೇಗಾ ಸೆಂಟಾರಿ ಅನ್ನೋ ಗುಚ್ಛ ಬರಿಗಣ್ಣಿಗೇ ಮಬ್ಬು ಚುಕ್ಕೆ ಥರ ಸಿಗ್ತದೆ, ಅದು ಕ್ಲಾಸ್ 8. ಬೈನಾಕ್ಯುಲರ್ ಇದ್ರೆ ತಗೊಂಡೇ ಹೋಗಿ.